ಸ್ವಮೋಹ, ಸಾಹಸ, ಸಂಪಾದನೆ

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನನ್ನು ಕರೆದು, "ಪಂಡಿತರೇ, ನಮ್ಮ ಹಳೆಯ ವಿದ್ಯಾರ್ಥಿಗಳ ಸಾಧನೆಯನ್ನು ಕುರಿತು ತಾವೊಂದು ಲೇಖನ ಬರೆದುಕೊಡಬೇಕು" ಎಂದು ಕೇಳಿದರು. ಜೊತೆಗೆ ಒಂದು ಯಾದಿಯನ್ನೂ ಕೈಗಿತ್ತರು. ಈ ಶಾಲೆಯಲ್ಲಿ ಓದಿ ಮುಂದೆ ಬಂದವರ ಹೆಸರು, ಹುದ್ದೆ, ಈಗಿರುವ ಊರು ಇವೆಲ್ಲ ಅದರಲ್ಲಿದ್ದವು. ಕೊನೆಯ ಅಂಕಣಕ್ಕೆ 'ವಿಶೇಷ' ಎಂದು ಶಿರೋನಾಮೆಯಿತ್ತು. ಅದರ ಕೆಳಗೆ ಕೆಲವರ ವಾರ್ಷಿಕ ವರಮಾನ, ಕೆಲವರ ವ್ಯಾಪಾರದ ವಹಿವಾಟು, ಕೆಲವರ ದ್ರಾಕ್ಷಿತೋಟದ ಎಕರೆಗಳು ನಮೂದಾಗಿದ್ದವು. ಓದಿ ಹೆಮ್ಮೆಯೆನಿಸಿತೆಂಬುದನ್ನು ಮರೆಮಾಚುವುದಿಲ್ಲ. ಮಳೆಯನ್ನು ನಂಬಿ ಕುಳಿತರೆ ವರ್ಷಬಿಟ್ಟು ವರ್ಷ ಬರಗಾಲವನ್ನೇ ಕಾಣುವ ಹೊನವಾಡದಂತಹ ಸೀಮೆಯ ಮಕ್ಕಳು ಶ್ರೀಮಠದ ಪ್ರಸಾದವನ್ನುಂಡು, ಕಂದೀಲಿನ ಬೆಳಕಿನಲ್ಲಿ ಓದಿ, ಇಷ್ಟು ದೂರ ನಡೆದರಲ್ಲ ಎಂಬುದು ಸಾಮಾನ್ಯವಾದ ಸಂತೋಷವಲ್ಲ.

ಆದರೆ ಯಾದಿಯನ್ನು ಎರಡನೆಯ ಸಲ ಓದಿದಾಗ ಒಂದು ಹೆಸರು ಅದರಲ್ಲಿಲ್ಲವೆಂಬುದು ಗಮನಕ್ಕೆ ಬಂದಿತು. ಕೆಲವು ವರ್ಷಗಳ ಹಿಂದೆ ಇಂತಹದೇ ಯಾದಿಯೊಂದರ ಮೊದಲ ಸಾಲಿನಲ್ಲಿದ್ದ ಹೆಸರದು. ಆ ಹೆಸರು ಏಕೆ ಬಿದ್ದುಹೋಯಿತೆಂದು ಯೋಚಿಸುತ್ತ ಕುಳಿತಾಗ, ನಾನು ಬರೆಯಬೇಕಾದುದು ಸಾಧನೆಯ ವಿಷಯವಲ್ಲ, ಸಾಧನೆಯ ಹೆಸರಿನಲ್ಲಿ ನಾವು ಏನನ್ನು ಪೂಜಿಸುತ್ತಿದ್ದೇವೆಂಬ ವಿಷಯವೆಂದು ತೋರಿತು. ಆದುದರಿಂದ ಸಂಪಾದಕ ಮಿತ್ರರ ಕ್ಷಮೆ ಕೋರಿ, ಸ್ವಮೋಹಕ್ಕೂ ಸಾಹಸಕ್ಕೂ ಸಂಪಾದನೆಗೂ ಇರುವ ನಂಟನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಶಬ್ದವಿಚಾರ. ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು 'ನಾರ್ಸಿಸಿಸಂ' ಎಂದು ಕರೆಯುವ ಮನೋಧರ್ಮಕ್ಕೆ ನಮ್ಮ ಬರಹಗಾರರು 'ಆತ್ಮರತಿ' ಎಂಬ ಪದವನ್ನು ಬಳಕೆಗೆ ತಂದಿದ್ದಾರೆ. ಹಳೆಯ ಪಾಠಶಾಲೆಯಲ್ಲಿ ಕಲಿತ ನನ್ನಂಥವರ ಕಿವಿಗೆ ಇದು ಒಗ್ಗುವುದಿಲ್ಲ. ಮುಂಡಕೋಪನಿಷತ್ತಿನಲ್ಲಿಯೂ ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿಯೂ ಆತ್ಮರತಿಯೆಂದರೆ ಹೊರಗಿನ ಯಾವುದನ್ನೂ ಬಯಸದೆ ತನ್ನೊಳಗಿನ ಚೈತನ್ಯದಲ್ಲಿಯೇ ನೆಲೆನಿಂತವನ ಲಕ್ಷಣ. ಆಧುನಿಕರು ಹೇಳುವ ಮನೋಧರ್ಮವು ಇದಕ್ಕೆ ನೇರ ವಿರುದ್ಧವಾದುದು. ಅಂಥವನಿಗೆ ತನ್ನ ಒಳಗೆ ನೆಲೆಯೇ ಇಲ್ಲ. ಪರರ ಕಣ್ಣಿನಲ್ಲಿ ಕಾಣುವ ತನ್ನ ಪ್ರತಿಬಿಂಬವೇ ಅವನ ಜೀವ. ಒಂದೇ ಪದವು ಜ್ಞಾನಿಗೂ ಭ್ರಾಂತನಿಗೂ ಸಲ್ಲಬಾರದೆಂದು ನಾನು ಇಲ್ಲಿ 'ಸ್ವಮೋಹ' ಎಂದೇ ಬರೆಯುತ್ತೇನೆ.

ಈ ಪದದ ಮೂಲದಲ್ಲಿರುವ ಕಥೆಯನ್ನು ರೋಮಿನ ಕವಿ ಓವಿಡ್ ಹೇಳಿದ್ದಾನೆ. ನಾರ್ಸಿಸಸ್ ಎಂಬ ಸುಂದರ ತರುಣನು ಕೊಳದ ನೀರಿನಲ್ಲಿ ತನ್ನ ಮುಖವನ್ನೇ ಕಂಡು ಮರುಳಾಗಿ, ಅಲ್ಲಿಂದ ಏಳಲಾರದೆ ಕೃಶನಾಗಿ ಅಳಿದನು. ಅವನನ್ನು ಪ್ರೀತಿಸಿದ ಎಕೋ ಎಂಬ ವನದೇವತೆಗೆ ಸ್ವಂತ ಮಾತನಾಡುವ ಶಕ್ತಿಯಿರಲಿಲ್ಲ. ಅವನ ಮಾತಿನ ಕೊನೆಯನ್ನೇ ಮರಳಿ ನುಡಿಯುವುದಷ್ಟೇ ಆಕೆಗೆ ಸಾಧ್ಯವಿತ್ತು. ಕಡೆಗೆ ಆಕೆ ಬರಿಯ ದನಿಯಾಗಿ ಉಳಿದಳು. ಈ ಕಥೆಯನ್ನು ಓದಿದಾಗಲೆಲ್ಲ ನನಗೆ ನಮ್ಮ ಗೋಳಗುಮ್ಮಟದ ನೆನಪಾಗುತ್ತದೆ. ವರ್ಷವರ್ಷವೂ ಮಕ್ಕಳನ್ನು ಅಲ್ಲಿಗೆ ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ಮೆಟ್ಟಿಲು ಹತ್ತಿ ಗುಮ್ಮಟದೊಳಗಿನ ಆ ಸುತ್ತುಜಗಲಿಯಲ್ಲಿ ನಿಂತೊಡನೆ ಪ್ರತಿಯೊಂದು ಮಗುವೂ ತನ್ನ ಹೆಸರನ್ನೇ ಕೂಗುತ್ತದೆ. ಗುಮ್ಮಟವು ಅದನ್ನು ಏಳು ಸಲ ಮರಳಿಸುತ್ತದೆ. ಮಗು ನಗುತ್ತದೆ. ಇದರಲ್ಲಿ ದೋಷವಿಲ್ಲ, ಇದು ಬಾಲ್ಯಸಹಜ. ಬೆಳೆದ ಮೇಲೆಯೂ ತನ್ನ ಹೆಸರೇ ಮರಳಿ ಕೇಳಬೇಕೆಂದು ಊರನ್ನೇ ಗುಮ್ಮಟವಾಗಿಸಿಕೊಂಡರೆ ಅದು ಸ್ವಮೋಹವಾಗುತ್ತದೆ.

ಸಿಗ್ಮಂಡ್ ಫ್ರಾಯ್ಡ್ 1914ರಲ್ಲಿ ಈ ವಿಷಯವನ್ನು ಕುರಿತು ಪ್ರಬಂಧ ಬರೆದನು. 1979ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ಇದನ್ನು ಅಳೆಯಲು ಪ್ರಶ್ನಾವಳಿಯೊಂದನ್ನು ರಚಿಸಿದರು. ಅಂದಿನಿಂದ ಸ್ವಮೋಹವು ಕೇವಲ ಕಥೆಯ ವಸ್ತುವಾಗಿ ಉಳಿಯದೆ ಪರೀಕ್ಷೆಯ ವಸ್ತುವೂ ಆಯಿತು. ಅವುಗಳಲ್ಲಿ ನಮ್ಮ ವಿಷಯಕ್ಕೆ ಹೊಂದುವ ಮೂರನ್ನು ಮಾತ್ರ ಇಲ್ಲಿ ಹೇಳುತ್ತೇನೆ.

2004ರಲ್ಲಿ ಕ್ಯಾಂಬೆಲ್, ಗುಡಿ, ಫಾಸ್ಟರ್ ಎಂಬ ಮೂವರು ಪ್ರಕಟಿಸಿದ ಅಧ್ಯಯನ ಮೊದಲನೆಯದು. ವಿದ್ಯಾರ್ಥಿಗಳಿಗೆ ಸಾಮಾನ್ಯಜ್ಞಾನದ ಪ್ರಶ್ನೆಗಳನ್ನು ಕೇಳಿ, ಉತ್ತರ ಸರಿಯೆಂಬ ಭರವಸೆ ಎಷ್ಟಿದೆಯೆಂದು ವಿಚಾರಿಸಿ, ಆ ಭರವಸೆಯ ಮೇಲೆ ಪಣ ಕಟ್ಟುವಿರಾ ಎಂದು ಕೇಳಿದರು. ಸ್ವಮೋಹ ಹೆಚ್ಚಿದ್ದವರು ಹೆಚ್ಚು ಭರವಸೆಯಿಂದ ಹೆಚ್ಚು ಪಣ ಕಟ್ಟಿದರು. ಅವರ ಜ್ಞಾನವು ಭರವಸೆಗೆ ತಕ್ಕಂತಿರಲಿಲ್ಲವಾದ್ದರಿಂದ ಅವರಿಗೆ ನಷ್ಟವೂ ಹೆಚ್ಚಾಯಿತು. 2007ರಲ್ಲಿ ಚಟರ್ಜಿ ಮತ್ತು ಹ್ಯಾಂಬ್ರಿಕ್ ಎಂಬವರು ಗಣಕಯಂತ್ರೋದ್ಯಮದ 111 ಮುಖ್ಯ ಕಾರ್ಯನಿರ್ವಾಹಕರನ್ನು ಪರಿಶೀಲಿಸಿದರು. ದೊಡ್ಡ ಸಂಸ್ಥೆಯ ಯಜಮಾನರು ಪ್ರಶ್ನಾವಳಿಗೆ ಉತ್ತರಿಸುತ್ತ ಕೂರುವರೇ? ಆದುದರಿಂದ ಅವರು ಬೇರೆ ಅಳತೆಗೋಲುಗಳನ್ನು ಹುಡುಕಿದರು. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಯಜಮಾನನ ಭಾವಚಿತ್ರ ಎಷ್ಟು ದೊಡ್ಡದು, ಒಬ್ಬನೇ ಇದ್ದಾನೆಯೋ ಇತರರೊಡನೆ ಇದ್ದಾನೆಯೋ, ಪ್ರಕಟಣೆಗಳಲ್ಲಿ ಅವನ ಹೆಸರು ಎಷ್ಟು ಸಲ ಬರುತ್ತದೆ, ಮಾತಿನಲ್ಲಿ 'ನಾನು' ಎಷ್ಟು, ಅವನ ಸಂಬಳವು ಅವನ ಕೆಳಗಿನವನ ಸಂಬಳಕ್ಕಿಂತ ಎಷ್ಟು ಪಟ್ಟು ಹೆಚ್ಚು, ಇವುಗಳನ್ನು ಎಣಿಸಿದರು. ಅಂತಹ ಯಜಮಾನರು ದಿಟ್ಟವಾದ, ಎದ್ದುಕಾಣುವ ಹೆಜ್ಜೆಗಳನ್ನಿಡುತ್ತಾರೆ, ಹೆಚ್ಚು ಸಂಸ್ಥೆಗಳನ್ನು ಕೊಳ್ಳುತ್ತಾರೆ, ಅವರ ಕೈಕೆಳಗೆ ಸಂಸ್ಥೆಯು ದೊಡ್ಡ ಗೆಲುವು ದೊಡ್ಡ ಸೋಲುಗಳ ನಡುವೆ ತೂಗಾಡುತ್ತದೆ ಎಂದು ಕಂಡುಬಂದಿತು. ಸರಾಸರಿ ನೋಡಿದರೆ ಅವರ ಸಂಸ್ಥೆಗಳು ಉಳಿದವುಗಳಿಗಿಂತ ಮೇಲೂ ಅಲ್ಲ, ಕೀಳೂ ಅಲ್ಲ. 2014ರಲ್ಲಿ ಒ'ರೈಲಿ ಮೊದಲಾದವರು ಪ್ರಕಟಿಸಿದ ಮೂರನೆಯ ಅಧ್ಯಯನದ ತಿರುಳು ಹೀಗಿದೆ: ಸ್ವಮೋಹಿಯಾದ ಯಜಮಾನನು ಬಹುಕಾಲ ಪೀಠದಲ್ಲಿದ್ದರೆ ಅವನ ಗಳಿಕೆ ಹೆಚ್ಚು, ಅವನಿಗೂ ಅವನ ಸಹೋದ್ಯೋಗಿಗಳಿಗೂ ನಡುವಿನ ಅಂತರವೂ ಹೆಚ್ಚು.

ಈ ಮೂರನ್ನೂ ಜೋಡಿಸಿ ನೋಡಿದರೆ ತಾತ್ಪರ್ಯ ಸ್ಪಷ್ಟ. ಸ್ವಮೋಹವು ಮನುಷ್ಯನನ್ನು ಅಪಾಯದ ಕಡೆಗೆ ನೂಕುತ್ತದೆ. ಅದರಿಂದ ಒಟ್ಟು ಸಂಪತ್ತು ಹೆಚ್ಚುತ್ತದೆಂಬುದಕ್ಕೆ ಆಧಾರವಿಲ್ಲ, ಆದರೂ ಸ್ವಮೋಹಿಯ ಪಾಲು ಮಾತ್ರ ಹೆಚ್ಚುತ್ತದೆ. ಇದಕ್ಕೆ ಕಾರಣವನ್ನು ಅವನಲ್ಲಿಯೇ ಹುಡುಕಿದರೆ ಸಾಲದು, ನಮ್ಮಲ್ಲಿಯೂ ಹುಡುಕಬೇಕು. ದೊಡ್ಡ ದನಿಯನ್ನು ನಾವು ದೊಡ್ಡ ಯೋಗ್ಯತೆಯೆಂದು ಭ್ರಮಿಸುತ್ತೇವೆ. ಕೇಳಿದವನಿಗೆ ಕೊಡುತ್ತೇವೆ, ಕೇಳಲು ನಾಚಿದವನನ್ನು ಮರೆಯುತ್ತೇವೆ. ಸಂತೆಯಲ್ಲಿ ಉದ್ದರಿ ಕೊಡುವ ಅಂಗಡಿಯವನಿಂದ ಹಿಡಿದು ಕೋಟಿಗಟ್ಟಲೆ ಸಾಲ ಕೊಡುವ ಬ್ಯಾಂಕಿನವರೆಗೆ ಈ ಭ್ರಮೆ ಒಂದೇ.

ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನಗಳುಂಟು. 2005ರಲ್ಲಿ ಬೆಂಗಳೂರಿನ ಮದ್ಯೋದ್ಯಮಿ ವಿಜಯ್ ಮಲ್ಯ ಅವರು ಕಿಂಗ್‌ಫಿಷರ್ ಎಂಬ ವಿಮಾನಸಂಸ್ಥೆಯನ್ನು ಆರಂಭಿಸಿದರು. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥರು ಸಾಮಾನ್ಯರೂ ವಿಮಾನ ಹತ್ತಲೆಂದು 2003ರಲ್ಲಿ ಆರಂಭಿಸಿದ್ದ ಏರ್ ಡೆಕ್ಕನ್ನಿನ ಪಾಲನ್ನು 2007ರಲ್ಲಿ ಕೊಂಡರು. ಮರುವರ್ಷ ಪರದೇಶಗಳಿಗೂ ವಿಮಾನ ಹಾರಿಸಿದರು. ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ, ಪ್ರಯಾಣಿಕರ ಎದುರಿನ ಪರದೆಯ ಮೇಲೆ, ಎಲ್ಲೆಲ್ಲಿಯೂ ಯಜಮಾನರ ಮುಖವೇ. 2012ರ ಹೊತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲದಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ವಿಮಾನಗಳು ನೆಲಕಚ್ಚಿದವು. 2016ರ ಮಾರ್ಚಿನಲ್ಲಿ ಅವರು ದೇಶ ಬಿಟ್ಟರು. 2019ರ ಜನವರಿಯಲ್ಲಿ ನ್ಯಾಯಾಲಯವು ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ತಮ್ಮ ಆಸ್ತಿ ಮಾರಿ ಬ್ಯಾಂಕುಗಳು ಸಾಲಕ್ಕಿಂತ ಹೆಚ್ಚು ವಸೂಲು ಮಾಡಿವೆಯೆಂಬುದು ಅವರ ವಾದ. ಅವರ ಅಂತರಂಗವನ್ನು ನಾನರಿಯೆ, ನ್ಯಾಯನಿರ್ಣಯ ನನ್ನ ಕೆಲಸವೂ ಅಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ. ಆ ವಿಮಾನಗಳಲ್ಲಿ ಸಾಮಾನು ಹೊತ್ತ ಕೂಲಿಯವನು ಯಾವ ಪಣ ಕಟ್ಟಿದ್ದನು? ಯಜಮಾನರ ಸಾಹಸಕ್ಕೆ ಅವನ ಸಂಬಳವೇಕೆ ಪಣವಾಗಬೇಕಿತ್ತು?

ಬೆಂಗಳೂರಿನ ವಿಮಾನದ ಮಾತು ದೂರದ್ದೆನಿಸಿದರೆ ನಮ್ಮ ನೆಲಕ್ಕೇ ಬರೋಣ. ನಮ್ಮ ಕಾಲಡಿಯಲ್ಲಿರುವುದು ದಖನ್ನಿನ ಕರಿಗಲ್ಲು. ಲಾವಾರಸವು ಪದರುಪದರಾಗಿ ಹೆಪ್ಪುಗಟ್ಟಿ ಆದ ಈ ಬಂಡೆಯಲ್ಲಿ ನೀರು ಎಲ್ಲೆಡೆಯೂ ನಿಲ್ಲುವುದಿಲ್ಲ. ಬಿರುಕಿದ್ದಲ್ಲಿ, ಎರಡು ಪದರುಗಳು ಕೂಡುವ ಸಂದಿನಲ್ಲಿ ಮಾತ್ರ ನಿಲ್ಲುತ್ತದೆ. ಆದುದರಿಂದ ಇಲ್ಲಿ ಕೊಳವೆಬಾವಿ ಕೊರೆಸುವುದು ಬಹುಮಟ್ಟಿಗೆ ಜೂಜು. ಒಬ್ಬನ ಹೊಲದಲ್ಲಿ ಮುನ್ನೂರು ಅಡಿಗೆ ನೀರು ಬಂದರೆ ಬದುವಿನಾಚೆ ಎಂಟುನೂರು ಅಡಿಗೂ ಧೂಳೇ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನೂ ಕರೆಸುತ್ತೇವೆ, ಯಂತ್ರ ತಂದವರನ್ನೂ ಕರೆಸುತ್ತೇವೆ. ಕಡೆಗೆ ಕೊರೆಯುವ ಗಾಡಿಯ ಸದ್ದು ನಿಂತಾಗಲೇ ಸತ್ಯ ತಿಳಿಯುವುದು. ಇಂತಹ ನೆಲದಲ್ಲಿ ಟಿಕೋಟಾ, ಬಬಲೇಶ್ವರ ಭಾಗದ ನಮ್ಮ ರೈತರು ಹನಿ ನೀರಾವರಿಯಿಂದ ದ್ರಾಕ್ಷಿ ಬೆಳೆದು, ಒಣದ್ರಾಕ್ಷಿ ಮಾಡಿ, ತಾಸಗಾಂವ, ಸಾಂಗಲಿಗಳ ಪೇಟೆಯಲ್ಲಿ ಹೆಸರು ಗಳಿಸಿದರು. ಏಪ್ರಿಲ್ ಚಾಟಣಿ, ಅಕ್ಟೋಬರ್ ಚಾಟಣಿಗಳ ನಡುವೆ ಅವರಿಗೆ ನಿದ್ರೆಯೆಂಬುದಿಲ್ಲ. ಹೂವಿನ ಹೊತ್ತಿಗೆ ಮೋಡ ಕವಿದರೆ ರೋಗ. ಶೆಡ್ಡಿನಲ್ಲಿ ಹಣ್ಣು ಒಣಗುವಾಗ ಅಕಾಲದ ಮಳೆ ಬಿದ್ದರೆ ಬಣ್ಣ ಕೆಟ್ಟು ದರ ಬಿತ್ತು. ಇದು ಸಾಹಸವಲ್ಲದೆ ಮತ್ತೇನು? ಅಪಾಯಕ್ಕೆ ಅಂಜಿ ಕುಳಿತಿದ್ದರೆ ಈ ಸೀಮೆಯಲ್ಲಿ ದ್ರಾಕ್ಷಿಯ ಬಳ್ಳಿಯೇ ಇರುತ್ತಿರಲಿಲ್ಲ. ಆದುದರಿಂದ ಸಾಹಸವನ್ನು ನಾನು ಜರೆಯುವುದಿಲ್ಲ.

ಯಾದಿಯಿಂದ ಬಿದ್ದುಹೋದ ಆ ಹೆಸರಿನ ಕಥೆ ಇಲ್ಲಿಯದೇ. ಆತನ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದು ಉಚಿತವಲ್ಲ. ನನ್ನ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಚುರುಕಾದ ಹುಡುಗ. ಓದು ಮುಗಿಸಿ ಒಕ್ಕಲುತನಕ್ಕೆ ನಿಂತು, ಕೊರೆಸಿದ ಮೊದಲ ಬಾವಿಯಲ್ಲಿಯೇ ಒಳ್ಳೆಯ ನೀರು ಕಂಡನು. ಎರಡು ಎಕರೆ ಥಾಮ್ಸನ್ ದ್ರಾಕ್ಷಿ ಹಚ್ಚಿದನು. ಸತತ ಮೂರು ಹಂಗಾಮು ಒಳ್ಳೆಯ ದರ ಸಿಕ್ಕಿತು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಅವನನ್ನು ಕರೆಸಿ, ಶಾಲು ಹೊದಿಸಿ, ಹಾರ ಹಾಕಿ ಸತ್ಕರಿಸಿದೆವು. ಅಭಿನಂದನಪರ ಭಾಷಣದ ಹೊಣೆ ನನ್ನದಾಗಿತ್ತು. ಮಾತಿನ ಓಘದಲ್ಲಿ ಅವನನ್ನು 'ಈ ಸೀಮೆಯ ಭಗೀರಥ'ನೆಂದು ಕರೆದೆ. ಸಭೆ ಚಪ್ಪಾಳೆ ತಟ್ಟಿತು. ಉಪಮೆ ಚೆನ್ನಾಯಿತೆಂದು ನಾನೂ ಮನಸ್ಸಿನಲ್ಲಿಯೇ ಉಬ್ಬಿದೆ. ಮರುದಿನ ಆ ಬಿರುದು ಅವನ ಟ್ರ್ಯಾಕ್ಟರಿನ ಮೇಲೆ ಬಣ್ಣದಲ್ಲಿ ಮೂಡಿತ್ತು.

ಮುಂದೆ ಬರಗಾಲ ಬಂದಿತು. ಮೊದಲ ಬಾವಿ ಬತ್ತಿತು. ಜಾಣರು ಬಳ್ಳಿಯನ್ನು ಅರ್ಧ ಕಡಿದು ಉಳಿದರ್ಧವನ್ನು ಕಾಪಾಡಿಕೊಂಡರು. ಇವನಾದರೋ ಭಗೀರಥನಲ್ಲವೇ? ತೋಟವನ್ನು ಕಿರಿದು ಮಾಡುವ ಬದಲು ಹಿರಿದು ಮಾಡಿದನು. ಒಂದರ ಮೇಲೊಂದು ಬಾವಿ ಕೊರೆಸಿದನು. ತಮ್ಮನ ಪಾಲಿನ ಹೊಲವನ್ನೂ ಒತ್ತೆಯಿಟ್ಟನು. ಹೆಂಡತಿಯ ಕೊರಳಿನ ಬಂಗಾರ ಹೋಯಿತು. ಸಾಲಕ್ಕೆ ಜಾಮೀನು ನಿಂತ ಇಬ್ಬರು ಗೆಳೆಯರು ನೋಟೀಸು ಕಂಡರು. ಟ್ಯಾಂಕರಿನಲ್ಲಿ ನೀರು ತರಿಸಿ ಹಾಕಿದ ಕಡೆಯ ಹಂಗಾಮಿನಲ್ಲಿ ಬಳ್ಳಿಗಳು ಒಣಗಿಯೇ ಹೋದವು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಈ ಭಾಗದ ಕೆರೆಗಳಿಗೆ ಬಂದಾಗ ಆ ಹೊಲವು ಅವನದಾಗಿ ಉಳಿದಿರಲಿಲ್ಲ. ಶಾಲೆಯ ಯಾದಿಯಿಂದ ಅವನ ಹೆಸರನ್ನು ಯಾರೂ ಬೇಕೆಂದು ತೆಗೆದುಹಾಕಲಿಲ್ಲ. 'ವಿಶೇಷ'ದ ಅಂಕಣದಲ್ಲಿ ಬರೆಯಲು ಏನೂ ಇಲ್ಲದ್ದರಿಂದ ಅದು ತಾನಾಗಿಯೇ ಬಿದ್ದುಹೋಯಿತು.

ಈ ಲೇಖನಕ್ಕೆ ಕೂರುವ ಮುನ್ನ ಅವನನ್ನು ಕಂಡುಬಂದೆ. ಈಗ ಪರರ ತೋಟಗಳಲ್ಲಿ ಚಾಟಣಿಯ ಕೆಲಸ ಮಾಡುತ್ತಾನೆ. ಕೈಗುಣ ಒಳ್ಳೆಯದೆಂದು ದೂರದವರೂ ಕರೆಯುತ್ತಾರೆ. "ಹೋದ ವರ್ಷ ಹಳೇ ವಿದ್ಯಾರ್ಥಿಗಳ ಸಭೆಗೆ ಯಾಕ ಬರಲಿಲ್ಲಪ್ಪಾ?" ಎಂದು ಕೇಳಿದೆ. "ಸಾಲಿ ಗೇಟಿನ ತನಕ ಬಂದಿದ್ದೆರೀ ಗುರುಗಳ. ಒಳಗ ಬರಾಕ ಮನಸ್ಸಾಗಲಿಲ್ಲ" ಎಂದನು. ತುಸು ಹೊತ್ತು ಸುಮ್ಮನಿದ್ದು, "ಮೊದಲನೇ ಬೋರು ನೀರಿಗಂತ ಕೊರಿಸಿದ್ದೆ. ಆಮ್ಯಾಲಿನವೆಲ್ಲ ಹೆಸರಿಗಂತ ಕೊರಿಸಿದ್ರೀ" ಎಂದನು. ಮೂರು ದಶಕಗಳಿಂದ ಅಲಂಕಾರಶಾಸ್ತ್ರವನ್ನು ಪಾಠ ಹೇಳುತ್ತಿರುವ ನನಗೆ ಆ ಮಾತಿನ ಮುಂದೆ ನನ್ನ ಉಪಮೆಯು ನಾಚಿಕೆಗೇಡಿನದಾಗಿ ಕಂಡಿತು. ಅವನ ತಪ್ಪು ಅವನದೇ. ಆದರೆ ಅವನ ಕೊಳಕ್ಕೆ ನೀರು ತುಂಬಿದವರಲ್ಲಿ ನಾನೂ ಒಬ್ಬ.

ಹಾಗಾದರೆ ಒಳ್ಳೆಯ ಸಾಹಸವನ್ನೂ ಸ್ವಮೋಹದ ಸಾಹಸವನ್ನೂ ಬೇರ್ಪಡಿಸುವುದು ಹೇಗೆ? ಗೆಲುವು ಸೋಲುಗಳಿಂದ ಬೇರ್ಪಡಿಸಲಾಗದು. ಸ್ವಮೋಹಿಯೂ ಗೆಲ್ಲಬಹುದು, ವಿವೇಕಿಯೂ ಸೋಲಬಹುದು. ನನ್ನ ಅಲ್ಪಮತಿಗೆ ತೋರುವಂತೆ ಮೂರು ಪ್ರಶ್ನೆಗಳಿವೆ. ಮೊದಲನೆಯದು, ಪಣಕ್ಕಿಟ್ಟದ್ದು ಯಾರದು? ಮಹಾಭಾರತದ ದ್ಯೂತಪ್ರಸಂಗವನ್ನು ಪ್ರತಿ ವರ್ಷ ಪಾಠ ಹೇಳುತ್ತೇವೆ. ಧರ್ಮರಾಯನು ತನ್ನ ಕೋಶವನ್ನು ಸೋತಾಗ ಕಥೆ ಅಷ್ಟು ಕಠೋರವಾಗಿರಲಿಲ್ಲ. ತಮ್ಮಂದಿರನ್ನು, ಕಡೆಗೆ ದ್ರೌಪದಿಯನ್ನು ಒಡ್ಡಿದಾಗ ಅದು ಅಧರ್ಮವಾಯಿತು. ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವೆಲ್ಲಿಯದೆಂದು ಆಕೆ ಕೇಳಿದ ಪ್ರಶ್ನೆಗೆ ಭೀಷ್ಮನಂಥವನೂ ನೇರವಾಗಿ ಉತ್ತರಿಸಲಾರದೆ ಹೋದನು. ಹೆಂಡತಿಯ ತಾಳಿ, ತಮ್ಮನ ಹೊಲ, ಜಾಮೀನುದಾರನ ಮನೆ ಇವುಗಳನ್ನು ಒಡ್ಡುವಾಗಲೆಲ್ಲ ಆ ಪ್ರಶ್ನೆ ಮತ್ತೆ ಏಳುತ್ತದೆ. ಎರಡನೆಯದು, ಬೇಡವೆಂದವರ ಮಾತನ್ನು ಕೇಳುವ ಕಿವಿ ಉಳಿದಿದೆಯೇ? ಸ್ವಮೋಹಿಯ ಸುತ್ತ ಎಕೋಗಳು ಮಾತ್ರ ಉಳಿಯುತ್ತಾರೆ. ಮೂರನೆಯದು, ಯಾರೂ ನೋಡದಿದ್ದರೂ ಈ ಕೆಲಸವನ್ನು ಮಾಡುತ್ತಿದ್ದೆನೇ? ಇದಕ್ಕೆ ಹೌದೆಂಬ ಉತ್ತರ ಬಂದರೆ ಅದು ಕಾಯಕ. ಇಲ್ಲವೆಂದಾದರೆ ಅದು ಪ್ರದರ್ಶನ.

ಈ ಮೂರಕ್ಕೂ ನಿಲ್ಲುವ ಸಾಹಸಿಯೊಬ್ಬರು ನಮ್ಮ ಜಿಲ್ಲೆಯಲ್ಲಿಯೇ ಇದ್ದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿ ನೆಲೆಸಿದ ಫ.ಗು. ಹಳಕಟ್ಟಿಯವರು ಮನಸ್ಸು ಮಾಡಿದ್ದರೆ ವಕೀಲಿಯಿಂದಲೇ ಸಿರಿವಂತರಾಗಬಹುದಿತ್ತು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೂ ಅಡಿಗಲ್ಲಾದವರು ಅವರು. ಮಠಮನೆಗಳ ಅಟ್ಟದಲ್ಲಿ ಹುಳು ತಿನ್ನುತ್ತಿದ್ದ ತಾಡೆಯೋಲೆಗಳನ್ನು ಊರೂರು ಅಲೆದು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ವಚನಗಳನ್ನು ಅಚ್ಚುಹಾಕಲು ಸ್ವಂತ ಮುದ್ರಣಾಲಯ ಬೇಕೆಂದಾಗ ತಾವಿದ್ದ ಮನೆಯನ್ನು ಮಾರಿ 'ಹಿತಚಿಂತಕ' ಮುದ್ರಣಾಲಯ ಸ್ಥಾಪಿಸಿ ತಾವು ಬಾಡಿಗೆಯ ಮನೆಗೆ ಹೋದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ. ಇದಕ್ಕಿಂತ ದೊಡ್ಡ ಅಪಾಯವನ್ನು ಯಾವ ಉದ್ಯಮಿ ತಲೆಯ ಮೇಲೆ ಹೊತ್ತಾನು? ಆ ಮನೆಯವರು ಪಟ್ಟ ಬಡತನವನ್ನು ನಾನು ಹಗುರಾಗಿ ಎಣಿಸುವುದಿಲ್ಲ. ಪಣವು ಸಂಪೂರ್ಣವಾಗಿ ಒಬ್ಬನದೇ ಆಗಿರುವುದು ಸಂಸಾರಿಗೆ ಎಂದಿಗೂ ಸಾಧ್ಯವಿಲ್ಲ. ಆದರೆ ಅವರು ಮನೆ ಮಾರಿದ್ದು ತಮ್ಮ ಹೆಸರಿಗಾಗಿ ಅಲ್ಲ. ಏಳು ಶತಮಾನಗಳಿಗೂ ಹಿಂದೆ ಬಾಳಿದ ಶರಣಶರಣೆಯರ ಹೆಸರುಗಳು ಉಳಿಯಲೆಂದು. ಸಂಪಾದನೆಯ ಅಂಕಣದಲ್ಲಿ ಅವರಿಗೆ ಸೊನ್ನೆ. 1964ರಲ್ಲಿ ತೀರಿಕೊಂಡಾಗಲೂ ಸಿರಿವಂತರಾಗಿರಲಿಲ್ಲ. ನಮ್ಮ ಯಾದಿಯ 'ವಿಶೇಷ'ದಲ್ಲಿ ಅಂಥವರಿಗೆ ಏನು ಬರೆಯುತ್ತಿದ್ದೆವು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ಪಂಡಿತರೇ, ವಿನಯ ವಿನಯ ಎಂದು ಬೋಧಿಸಿ ನಮ್ಮ ಹಳ್ಳಿಯ ಮಕ್ಕಳನ್ನು ಮೂಕರನ್ನಾಗಿ ಮಾಡಿದ್ದೀರಿ. ಪಟ್ಟಣದ ಹುಡುಗ ಬಾಯಿ ಮಾಡಿ ಕೆಲಸ ಗಿಟ್ಟಿಸುತ್ತಾನೆ, ನಮ್ಮವನು ಸಂದರ್ಶನದಲ್ಲಿ ತಲೆ ತಗ್ಗಿಸಿ ಕೂರುತ್ತಾನೆ" ಎಂದು ನಮ್ಮ ಕಿರಿಯ ಅಧ್ಯಾಪಕ ಮಿತ್ರರೊಬ್ಬರು ಹೇಳಿದರು. ಮಾತಿನಲ್ಲಿ ಸತ್ಯವಿದೆ. ದೊಡ್ಡ ದನಿಗೆ ಹೆಚ್ಚು ಹಣ ಕೊಡುವ ಲೋಕದಲ್ಲಿ ದನಿಯನ್ನೇ ಕಲಿಸದಿರುವುದು ಅನ್ಯಾಯ. ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳು ತಮಗೆ ಸಲ್ಲಬೇಕಾದ ಕೂಲಿಯನ್ನೂ ಕೇಳಲು ಹಿಂಜರಿಯುತ್ತಾರೆ. ಅದನ್ನು ನಾವು ವಿನಯವೆಂದು ಹೊಗಳಬಾರದು. ಶರಣರ ಪರಂಪರೆಯೂ ಅದನ್ನು ಹೊಗಳಲಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮಗೆ ಸಲ್ಲದು, ತಂದಲ್ಲಿಯೇ ಸುರಿದು ಬಾ ಎಂದು ಗಂಡನಿಗೆ ಎದುರು ನಿಂತು ಹೇಳಿದವಳು ಲಕ್ಕಮ್ಮ. ಆಕೆಯ ದನಿ ಸಣ್ಣದಾಗಿರಲಿಲ್ಲ. ಆ ದನಿಯು 'ನಾನು' ಎಂಬುದರಿಂದ ಹುಟ್ಟಿದ್ದಲ್ಲ, 'ಸಲ್ಲುವುದು' ಎಂಬುದರಿಂದ ಹುಟ್ಟಿದ್ದು. ಸಲ್ಲದುದನ್ನು ಬೇಡವೆನ್ನುವ ಬಾಯಿಗೇ ಸಲ್ಲಬೇಕಾದುದನ್ನು ಕೊಡೆನ್ನುವ ಬಲವೂ ಇರುತ್ತದೆ. ನಮ್ಮ ಮಕ್ಕಳಿಗೆ ಕಲಿಸಬೇಕಾದ ದನಿ ಅದು.

ನಮ್ಮ ಹಿರಿಯರು ಅಷ್ಟಮದಗಳನ್ನು ಎಣಿಸಿದ್ದಾರೆ. ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪ ಎಂಬಿವುಗಳ ಮದಗಳು. ಧನಮದದ ಜೊತೆಯಲ್ಲಿಯೇ ವಿದ್ಯಾಮದವನ್ನೂ ತಪೋಮದವನ್ನೂ ಎಣಿಸಿದ್ದು ಅವರ ನ್ಯಾಯಪರತೆ. ಉದ್ಯಮಿಯನ್ನು ಮಾತ್ರ ಬೊಟ್ಟು ಮಾಡಿ ತೋರಿಸಿ ಪಂಡಿತನು ತಪ್ಪಿಸಿಕೊಳ್ಳುವಂತಿಲ್ಲ. ಶಾಲುಗಳನ್ನು ಎಣಿಸುತ್ತ ಕೂರುವ ನನ್ನಂಥವರ ಮದ ಕಡಿಮೆಯದಲ್ಲ. ಇದಕ್ಕೆ ಮದ್ದೇನೆಂದು ತೋರಿಸಿದವರು ಹತ್ತಿರದಲ್ಲಿಯೇ ಇದ್ದರು. ನಮ್ಮ ಟಿಕೋಟಾ ಭಾಗದ ಬಿಜ್ಜರಗಿಯಲ್ಲಿ ಹುಟ್ಟಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ತೊಡುತ್ತಿದ್ದ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಸವಿನಯವಾಗಿ ಬೇಡವೆಂದರು. 2023ರ ಜನವರಿ 2ರಂದು ಲಿಂಗೈಕ್ಯರಾದ ಅವರು ತಮಗೆ ಸ್ಮಾರಕವನ್ನು ಕಟ್ಟಬಾರದೆಂದು ಮೊದಲೇ ಬರೆದಿಟ್ಟಿದ್ದರು. ಅದೇ ವಿಜಯಪುರದಲ್ಲಿ ಗೋಳಗುಮ್ಮಟವನ್ನು ಮೀರಿಸಲೆಂದು ಎರಡನೆಯ ಅಲಿ ಆದಿಲಶಹನು ಆರಂಭಿಸಿದನೆಂದು ಹೇಳುವ ಬಾರಾ ಕಮಾನು, 1672ರಲ್ಲಿ ಅವನು ತೀರಿಕೊಂಡಾಗ ಅರ್ಧಕ್ಕೆ ನಿಂತದ್ದು ಇಂದಿಗೂ ಹಾಗೆಯೇ ನಿಂತಿದೆ. ಮುಂದೆ 14 ವರ್ಷಗಳಲ್ಲಿ ರಾಜ್ಯವೇ ಹೋಯಿತು.

ಕೊನೆಗೆ, ನಮ್ಮ ಸಂಸ್ಥೆಯ ಹಿತಚಿಂತಕರಲ್ಲಿ ಕೆಲವು ವಿನಂತಿಗಳು. ಅಮೆರಿಕದ ವಿದ್ವಾಂಸರು ವಾರ್ಷಿಕ ವರದಿಯ ಭಾವಚಿತ್ರಗಳನ್ನು ಅಳೆದ ಸಂಗತಿಯನ್ನು ಮೇಲೆ ಹೇಳಿದೆನಷ್ಟೆ. ಅವರು ನಮ್ಮ ಈ ಸಂಚಿಕೆಯನ್ನು ತೆರೆದರೆ ಏನು ಹೇಳಿಯಾರು? ದಾನಿಗಳ ಹೆಸರನ್ನು ಇನ್ನು ಮುಂದೆ ಒಂದೇ ಗಾತ್ರದ ಅಕ್ಷರದಲ್ಲಿ, ಅಕಾರಾದಿಯಾಗಿ, ಮೊತ್ತವನ್ನು ನಮೂದಿಸದೆ ಅಚ್ಚುಮಾಡೋಣ. ಸಾವಿರ ಕೊಟ್ಟ ಕೂಲಿಕಾರನೂ ಲಕ್ಷ ಕೊಟ್ಟ ವ್ಯಾಪಾರಿಯೂ ಒಂದೇ ಪಂಕ್ತಿಯಲ್ಲಿ ಕೂರಲಿ. ದಾಸೋಹದ ಪಂಕ್ತಿಯಲ್ಲಿ ಹಾಗೆಯೇ ಕೂರುತ್ತೇವಲ್ಲವೇ? ಕೊಟ್ಟೆನೆಂಬ ಭಾವ ಸುಳಿದರೆ ದಾಸೋಹವು ದಾನವಾಗಿ ಇಳಿಯುತ್ತದೆಂಬುದನ್ನು ನಮ್ಮ ಉದಾರಿಗಳಾದ ದಾನಿಗಳಿಗೆ ನಾನು ಹೇಳಬೇಕಾದುದಿಲ್ಲ. ಅವರು ಇದಕ್ಕೆ ಮೊದಲು ಒಪ್ಪುವರೆಂದು ನಂಬಿದ್ದೇನೆ. ವಾರ್ಷಿಕೋತ್ಸವದ ವೇದಿಕೆಗೆ ಗೆದ್ದವರ ಜೊತೆಯಲ್ಲಿ ಸೋತು ಎದ್ದವರನ್ನೂ ಕರೆಯೋಣ. ಸಾಲ ಹೇಗೆ ಬೆಳೆಯಿತು, ಎಲ್ಲಿ ನಿಲ್ಲಬೇಕಿತ್ತು, ಯಾರು ಬೇಡವೆಂದಾಗ ಕೇಳಲಿಲ್ಲ ಎಂಬುದನ್ನು ಅವರ ಬಾಯಿಂದಲೇ ಮಕ್ಕಳು ಕೇಳಲಿ. ಯಾವ ಪಠ್ಯಪುಸ್ತಕವೂ ಆ ಪಾಠವನ್ನು ಹೇಳಲಾರದು. ಅಧ್ಯಾಪಕ ಬಂಧುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಹೊಗಳುವಾಗ ಮಗುವನ್ನು ಹೊಗಳದೆ ಅದರ ಕೆಲಸವನ್ನು ಹೊಗಳೋಣ. ಬಿರುದುಗಳನ್ನು ಕೊಡುವಾಗ ಅವುಗಳ ಭಾರವನ್ನು ಹೊರಬೇಕಾದವನ ಹೆಗಲನ್ನೊಮ್ಮೆ ನೋಡೋಣ. ಇದನ್ನು ನಾನು ತಡವಾಗಿ ಕಲಿತೆ.

ಯಾದಿಯನ್ನು ಸಂಪಾದಕರಿಗೆ ಮರಳಿಸುವಾಗ ಬಿದ್ದುಹೋದ ಆ ಹೆಸರನ್ನು, ಅವನ ಒಪ್ಪಿಗೆ ಪಡೆದು, ನನ್ನ ಕೈಯಿಂದಲೇ ಸೇರಿಸಿದ್ದೇನೆ. ಹುದ್ದೆಯ ಅಂಕಣದಲ್ಲಿ 'ದ್ರಾಕ್ಷಿ ಚಾಟಣಿಯ ಕಾಯಕ' ಎಂದು ಬರೆದೆ. 'ವಿಶೇಷ'ದ ಅಂಕಣವನ್ನು ಎಲ್ಲರ ಹೆಸರಿನ ಮುಂದೆಯೂ ತೆಗೆದುಹಾಕಬೇಕೆಂದು ಕೇಳಿಕೊಂಡಿದ್ದೇನೆ. ಈ ವರ್ಷದ ಸಭೆಗೆ ಅವನು ಬರುವೆನೆಂದಿದ್ದಾನೆ. ಶಾಲೆಯ ಬಾಗಿಲಲ್ಲಿ ಅವನನ್ನು ಎದುರುಗೊಳ್ಳಲು ನಾನು ನಿಂತಿರುತ್ತೇನೆ. ಅವನ ಸಹಪಾಠಿಗಳೂ ನನ್ನ ಜೊತೆಗೆ ನಿಲ್ಲಬೇಕೆಂದು ಪ್ರಾರ್ಥಿಸಿ, ಸರ್ವರಿಗೂ ಶ್ರೀಗುರುವು ಸನ್ಮತಿಯನ್ನೂ ಸಾಹಸವನ್ನೂ ಸಲ್ಲುವಷ್ಟು ಸಂಪಾದನೆಯನ್ನೂ ಕರುಣಿಸಲೆಂದು ಹಾರೈಸಿ ವಿರಮಿಸುತ್ತೇನೆ.